ಗೋಡೆ ಬಿಟ್ಟು ಏಳುವ ವಾಲ್‌ಪೇಪರ್ ಬಾರ್ಡರ್: ದೋಷ ಹುಡುಕುವುದು, ಸರಿ ಮಾಡುವುದು

ಬಾರ್ಡರ್‌ನ ತುದಿ ಗೋಡೆಯಿಂದ ಎದ್ದಿರುವುದು ಕಂಡರೆ ಮೊದಲು ಕೈ ಹೋಗುವುದು ಗಮ್ ಡಬ್ಬಿಗೆ. ಸ್ವಲ್ಪ ತಡೆಯಿರಿ. ಎದ್ದ ತುದಿಯನ್ನು ಇನ್ನೊಂದು ಗೇಣು ಮೆಲ್ಲಗೆ ಎಳೆದು ಅದರ ಬೆನ್ನು ನೋಡಿ. ಆಮೇಲೆ ಅದು ಕೂತಿದ್ದ ಗೋಡೆ ನೋಡಿ. ಒಣಗಿದ ಪೇಸ್ಟ್ ಯಾವ ಕಡೆ ಉಳಿದಿದೆ? ಜೊತೆಗೆ ಬಣ್ಣ ಕಿತ್ತು ಬಂದಿದೆಯೇ? ಬೆರಳಿಗೆ ತೇವ ಹತ್ತುತ್ತದೆಯೇ? ಇಷ್ಟು ನೋಡಿದರೆ ದೋಷದ ಮುಕ್ಕಾಲು ಪಾಲು ಗೊತ್ತಾಗುತ್ತದೆ. ನೋಡದೆ ಮತ್ತೆ ಅಂಟಿಸಿದರೆ ಈ ಗುರುತುಗಳೆಲ್ಲ ಮುಚ್ಚಿಹೋಗುತ್ತವೆ. ಬಾರ್ಡರ್ ಮಾತ್ರ ಕೆಲವೇ ದಿನದಲ್ಲಿ ಮತ್ತೆ ಏಳುತ್ತದೆ.

ಅಗಲವಾದ ವಾಲ್‌ಪೇಪರ್ ಹಾಳೆಗೂ ಬಾರ್ಡರ್‌ಗೂ ಒಂದು ವ್ಯತ್ಯಾಸ ಇದೆ. ಹಾಳೆಯಲ್ಲಿ ನಡುವಿನ ಭಾಗ ದೊಡ್ಡದು, ಅಂಚು ಕಡಿಮೆ. ಬಾರ್ಡರ್ ಕಿರಿದಾದ ಪಟ್ಟಿ, ಅದರಲ್ಲಿ ಅಂಚೇ ಜಾಸ್ತಿ. ಏಳುವುದು ಯಾವಾಗಲೂ ಅಂಚಿನಿಂದಲೇ ಅಲ್ವಾ? ಸಾಲದ್ದಕ್ಕೆ ಅದನ್ನು ಹಚ್ಚುವ ಜಾಗಗಳೂ ಕಷ್ಟದವು. ಸೂರಿನ ಕೆಳಗೆ ಹಚ್ಚಿದರೆ ಕೋಣೆಯ ಬಿಸಿ ಗಾಳಿ, ಹಬೆ ಎಲ್ಲ ಅಲ್ಲಿಗೇ ಏರುತ್ತದೆ. ಸೊಂಟದ ಎತ್ತರದಲ್ಲಿ ಹಚ್ಚಿದರೆ ಕುರ್ಚಿ ಬೆನ್ನು, ಕೈ, ಚೀಲ ಎಲ್ಲ ಅದಕ್ಕೇ ಉಜ್ಜುತ್ತವೆ. ಹಾಗಾಗಿ ಹಾಳೆಯಲ್ಲಿ ನಡೆದುಹೋಗುವ ಸಣ್ಣ ತಪ್ಪು ಬಾರ್ಡರ್‌ನಲ್ಲಿ ನಡೆಯುವುದಿಲ್ಲ.

ನಿಮ್ಮ ಬಾರ್ಡರ್ ಯಾವ ಜಾತಿಯದು ಅನ್ನುವುದನ್ನೂ ಮೊದಲೇ ಗುರುತಿಸಿಕೊಳ್ಳಿ. ಪೇಸ್ಟ್ ನಾವೇ ಸವರಬೇಕಾದದ್ದು ಒಂದು. ಬೆನ್ನಿಗೆ ಒಣ ಪೇಸ್ಟ್ ಹಚ್ಚಿಕೊಂಡೇ ಬಂದು, ನೀರಿನಲ್ಲಿ ಅದ್ದಿದರೆ ಅಂಟುವಂಥದ್ದು ಇನ್ನೊಂದು. ಹಿಂದಿನ ಕಾಗದ ಸುಲಿದು ಸ್ಟಿಕ್ಕರ್ ಥರ ಒತ್ತುವುದು ಮೂರನೆಯದು. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಮೊದಲ ಎರಡಕ್ಕೆ. ಸ್ಟಿಕ್ಕರ್ ಥರದ್ದರ ಸಂಗತಿ ಬೇರೆ, ಅದಕ್ಕೆ ಆಮೇಲೆ ಬರೋಣ.

ಬೆನ್ನಿನಲ್ಲಿ ಏನಿದೆ ನೋಡಿ

ಪೇಸ್ಟ್ ಎಲ್ಲ ಬಾರ್ಡರ್ ಬೆನ್ನಿನಲ್ಲೇ ಇದೆ, ಗೋಡೆ ನುಣ್ಣಗೆ ಖಾಲಿ ಇದೆ ಅಂದರೆ ಗೋಡೆ ಪೇಸ್ಟನ್ನು ಹಿಡಿದಿಲ್ಲ ಎಂದರ್ಥ. ತುಂಬ ಸಲ ಕಾಣುವುದು ಇದೇ. ಗೋಡೆಗೆ ಹೊಳಪಿನ ಎಣ್ಣೆ ಬಣ್ಣ ಇರಬಹುದು. ಕಲೆ ಹಿಡಿಯದಂತೆ, ಒರೆಸಲು ಸುಲಭವಾಗುವಂತೆ ಮಾಡಿದ ಬಣ್ಣ ಇರಬಹುದು. ಅಡುಗೆಮನೆಯ ಜಿಡ್ಡು, ತಲೆ ಒರಗುವ ಜಾಗದ ಎಣ್ಣೆ ಇರಬಹುದು. ಅಥವಾ ಕೆಳಗೆ ಇರುವುದು ಗೋಡೆಯೇ ಅಲ್ಲ, ವಿನೈಲ್ ವಾಲ್‌ಪೇಪರ್ ಆಗಿರಬಹುದು. ಕಾಗದಕ್ಕೆ ಮಾಡಿದ ಪೇಸ್ಟ್ ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ.

ಪೇಸ್ಟ್ ಗೋಡೆಯಲ್ಲಿ ಉಳಿದು, ಬಾರ್ಡರ್ ಬೆನ್ನು ಮಾತ್ರ ಸ್ವಚ್ಛವಾಗಿ ಬಂದಿದ್ದರೆ ದೋಷ ಹಚ್ಚುವ ಹೊತ್ತಿನದು. ಗೋಡೆಗೆ ಪೇಸ್ಟ್ ಬಳಿದು ಬಾರ್ಡರ್ ತರುವಷ್ಟರಲ್ಲಿ ಅದರ ಮೇಲೆ ಕೆನೆ ಕಟ್ಟಿರುತ್ತದೆ. ಉದ್ದ ಗೋಡೆಗೆಲ್ಲ ಒಂದೇ ಸಲ ಪೇಸ್ಟ್ ಬಳಿದುಕೊಂಡವರಿಗೆ ಹೀಗೆ ಆಗುತ್ತದೆ. ಪಟ್ಟಿಯ ಮೊದಲ ಭಾಗ ಗಟ್ಟಿಯಾಗಿ ಕೂತು, ಕೊನೆಯ ಭಾಗ ಎದ್ದಿದ್ದರೆ ಇದು ಖಚಿತ.

ಎರಡೂ ಕಡೆ ಪೇಸ್ಟೇ ಕಾಣದಿದ್ದರೆ ಅದು ತೊಳೆದುಹೋಗಿದೆ ಅಥವಾ ಹಿಂಡಿಹೋಗಿದೆ. ನೀರಿನಲ್ಲಿ ಅದ್ದುವ ಬಾರ್ಡರನ್ನು ಜಾಸ್ತಿ ಹೊತ್ತು ನೆನೆಯಲು ಬಿಟ್ಟರೆ ಪೇಸ್ಟ್ ತೊಟ್ಟಿಯ ನೀರಿಗೆ ಇಳಿದುಬಿಡುತ್ತದೆ. ಸಾಮಾನ್ಯವಾಗಿ 10ರಿಂದ 15 ಸೆಕೆಂಡ್ ಸಾಕು. ಪೊಟ್ಟಣದ ಮೇಲೆ ಬೇರೆ ಹೊತ್ತು ಬರೆದಿದ್ದರೆ ಅದನ್ನೇ ಪಾಲಿಸಿ. ಇನ್ನು ಕೆಲವರು ಅಂಚು ಗಟ್ಟಿಯಾಗಲಿ ಎಂದು ರೋಲರ್‌ನಲ್ಲಿ ಬಲವಾಗಿ ಒತ್ತುತ್ತಾರೆ. ಪೇಸ್ಟ್ ಎಲ್ಲ ಅಂಚಿನಿಂದ ಹೊರಗೆ ಬರುತ್ತದೆ, ಅದನ್ನು ಸ್ಪಂಜಿನಿಂದ ಒರೆಸುತ್ತಾರೆ. ಕೊನೆಗೆ ಅಂಚಿನ ಕೆಳಗೆ ಉಳಿಯುವುದು ಬರೀ ಒದ್ದೆ ಕಾಗದ.

ಬೆನ್ನಿಗೆ ಬಿಳಿ ಪುಡಿಯೋ ಬಣ್ಣದ ಹಕ್ಕಳೆಯೋ ಅಂಟಿಕೊಂಡು ಬಂದಿದ್ದರೆ ಪೇಸ್ಟಿನದು ತಪ್ಪೇ ಇಲ್ಲ. ಅದು ತನ್ನ ಕೆಲಸ ಮಾಡಿದೆ. ಗೋಡೆಯ ಮೇಲ್ಪದರವೇ ಗೋಡೆಗೆ ಅಂಟಿರಲಿಲ್ಲ. ಸುಣ್ಣ, ಹಳೆ ಡಿಸ್ಟೆಂಪರ್, ಪ್ರೈಮರ್ (ಮೊದಲು ಬಳಿಯುವ ತಳಪದರ) ಇಲ್ಲದ ಪುಟ್ಟಿ, ಹಳೆಯದರ ಮೇಲೆ ಉಜ್ಜದೆ ಬಳಿದ ಬಣ್ಣ, ಇವೆಲ್ಲ ಹೀಗೆ ಕೈಕೊಡುತ್ತವೆ. ಇಲ್ಲಿ ಇನ್ನೂ ಗಟ್ಟಿ ಗಮ್ ತಂದರೆ ಇನ್ನೂ ದೊಡ್ಡ ಹಕ್ಕಳೆ ಕಿತ್ತು ಬರುತ್ತದೆ, ಅಷ್ಟೇ. ಒಣಗುವಾಗ ಎಲ್ಲ ಪೇಸ್ಟೂ ಕುಗ್ಗಿ ತನ್ನ ಕೆಳಗಿನದನ್ನು ಎಳೆಯುತ್ತದೆ. ಗಮ್ ಗಟ್ಟಿಯಾದಷ್ಟೂ ಆ ಎಳೆತ ಜೋರು.

ಹಚ್ಚಿ ವಾರ ಕಳೆದ ಮೇಲೂ ಬೆನ್ನು ಅಂಟಂಟಾಗಿ, ಒದ್ದೆಯಾಗಿ ಇದ್ದರೆ, ಕಪ್ಪು ಚುಕ್ಕೆಗಳೋ ಬೂಷ್ಟಿನ ವಾಸನೆಯೋ ಇದ್ದರೆ, ನೀರು ಎಲ್ಲಿಂದಲೋ ಬರುತ್ತಿದೆ. ಮೊದಲು ಅದನ್ನು ಹುಡುಕಬೇಕು.

ಇನ್ನು ಅಪರೂಪಕ್ಕೆ, ಮೇಲಿನ ಬಣ್ಣದ ವಿನೈಲ್ ಪದರ ಸುಲಿದು ಕೈಗೆ ಬಂದು, ಹಿಂದಿನ ಬಿಳಿ ಕಾಗದ ಗೋಡೆಯಲ್ಲೇ ಉಳಿದಿರುತ್ತದೆ. ಇದು ಬಾರ್ಡರ್ ತಾನೇ ಎರಡಾಗಿ ಬಿಟ್ಟುಕೊಂಡದ್ದು. ಇದಕ್ಕೆ ರಿಪೇರಿ ಹುಡುಕಬೇಡಿ. ಆ ತುಂಡು ಬದಲಿಸಿ.

ಗೋಡೆಗೆ ನಾಲ್ಕು ಪರೀಕ್ಷೆ

ಬೆನ್ನು ನೋಡಿಯೂ ಅನುಮಾನ ಉಳಿದರೆ ಗೋಡೆಯನ್ನೇ ಕೇಳಬೇಕು. ಮೊದಲನೆಯದು ಸುಲಭ. ಗಾಢ ಬಣ್ಣದ ಬಟ್ಟೆಯಿಂದ ಗೋಡೆಯನ್ನು ಉಜ್ಜಿ. ಪುಡಿ ಬಂದರೆ ಗೋಡೆ ಸೀಮೆಸುಣ್ಣದ ಥರ ಉದುರುತ್ತಿದೆ. ಧೂಳಿನ ಮೇಲೆ ಟೇಪ್ ಹಚ್ಚಿದ ಹಾಗೆ, ಬಾರ್ಡರ್ ಆ ಪುಡಿಗೆ ಅಂಟುತ್ತದೆ, ಗೋಡೆಗಲ್ಲ.

ಎರಡನೆಯದು ಟೇಪ್ ಪರೀಕ್ಷೆ. ಬಾರ್ಡರ್ ಬರುವ ಜಾಗದಲ್ಲಿ ಬಣ್ಣದ ಮೇಲೆ ಬ್ಲೇಡಿನಿಂದ ಸಣ್ಣ ಗುಣಿಸು ಗುರುತು ಗೀರಿ, ಅದರ ಮೇಲೆ ಅಂಟುಟೇಪ್ ಗಟ್ಟಿಯಾಗಿ ಒತ್ತಿ, ಚಕ್ಕನೆ ಎಳೆಯಿರಿ. ಬಣ್ಣ ಟೇಪಿನ ಜೊತೆ ಬಂದರೆ ನಾಳೆ ಬಾರ್ಡರ್ ಜೊತೆಗೂ ಬರುತ್ತದೆ. ಒಂದೇ ಕಡೆ ನೋಡಿ ಸುಮ್ಮನಾಗಬೇಡಿ. ಕಿಟಕಿಯ ಪಕ್ಕ, ಹೊರಗೋಡೆ, ಒಳಗೋಡೆ ಬೇರೆ ಬೇರೆ ಇರಬಹುದು.

ಮೂರನೆಯದು ನೀರಿನ ಹನಿ. ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ. ಹನಿ ಮುತ್ತಿನಂತೆ ನಿಂತರೆ ಗೋಡೆ ನುಣುಪು ಅಥವಾ ಜಿಡ್ಡು. ಪೇಸ್ಟಿಗೆ ಹಿಡಿತ ಸಿಗುವುದಿಲ್ಲ. ಬಿದ್ದ ಕೂಡಲೇ ಹೀರಿಕೊಂಡು ಕಲೆ ಗಾಢವಾದರೆ ಗೋಡೆಗೆ ಬಾಯಾರಿಕೆ ಜಾಸ್ತಿ. ಪೇಸ್ಟಿನ ನೀರನ್ನೆಲ್ಲ ಕುಡಿದುಬಿಡುತ್ತದೆ, ಪೇಸ್ಟ್ ಕಚ್ಚುವ ಮೊದಲೇ ಒಣಗುತ್ತದೆ. ನಮಗೆ ಬೇಕಾದದ್ದು ಇವೆರಡರ ನಡುವಿನದು. ಆಶ್ಚರ್ಯ ಅಂದರೆ ಎರಡಕ್ಕೂ ಮದ್ದು ಒಂದೇ: ವಾಲ್‌ಪೇಪರ್‌ಗೆಂದೇ ಇರುವ ಪ್ರೈಮರ್.

ನಾಲ್ಕನೆಯದು ತೇವಕ್ಕೆ. ಒಂದೂವರೆ ಅಡಿ ಚೌಕದ ಅಲ್ಯೂಮಿನಿಯಂ ಹಾಳೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಿ. ಒಂದೆರಡು ದಿನ ಬಿಟ್ಟು ತೆಗೆಯಿರಿ. ಗೋಡೆಯ ಕಡೆಯ ಮುಖದಲ್ಲಿ ನೀರಿನ ಹನಿ ಇದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಪೈಪ್, ತಾರಸಿ, ಹೊರಗೋಡೆಯ ಬಿರುಕು ನೋಡಬೇಕು. ಕೋಣೆಯ ಕಡೆಯ ಮುಖದಲ್ಲಿ ಹನಿ ಇದ್ದರೆ ಅದು ಕೋಣೆಯ ಹಬೆ, ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಇದಕ್ಕೆ ಗಾಳಿ ಆಡುವಂತೆ ಮಾಡುವುದೇ ದಾರಿ. ಗೋಡೆಯಲ್ಲಿ ಬಿಳಿ ಉಪ್ಪು ಒಸರಿದ್ದರೆ ಪರೀಕ್ಷೆಯೇ ಬೇಡ, ಉತ್ತರ ಎದುರಿಗೇ ಇದೆ.

ಹೊಸ ಗೋಡೆಯ ವಿಷಯ ಒಂದು ಮಾತು. ಬಣ್ಣ ಕೈಗೆ ಹತ್ತದಿದ್ದರೆ ಒಣಗಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೇಲ್ಮೈ ಕೆಲವು ಗಂಟೆಯಲ್ಲಿ ಒಣಗುತ್ತದೆ ನಿಜ. ಆದರೆ ಎಮಲ್ಷನ್ ಬಣ್ಣ ಪೂರ್ತಿ ಗಟ್ಟಿಯಾಗಲು ಸುಮಾರು 30 ದಿನ ಬೇಕು. ಹೊಸ ಸಿಮೆಂಟ್ ಗಾರೆಗೂ ಕಡಿಮೆ ಅಂದರೆ ಒಂದು ತಿಂಗಳು ಕೊಡಬೇಕು. ಅದರಲ್ಲಿ ನೀರೂ ಇರುತ್ತದೆ, ಸುಣ್ಣದ ಕ್ಷಾರವೂ ಇರುತ್ತದೆ. ಎರಡೂ ಬಣ್ಣಕ್ಕೂ ಪೇಸ್ಟಿಗೂ ಆಗಿಬರುವುದಿಲ್ಲ. ಗೃಹಪ್ರವೇಶಕ್ಕೆ ಮೊದಲೇ ಎಲ್ಲ ಮುಗಿಯಬೇಕು ಎಂಬ ಅವಸರ ಗೋಡೆಗೆ ಅರ್ಥವಾಗುವುದಿಲ್ಲ.

ಗೋಡೆಯದೇ ದೋಷ ಎಂದು ಗೊತ್ತಾದರೆ

ಜಿಡ್ಡಿದ್ದರೆ ಸೋಪಿನ ನೀರಿನಲ್ಲಿ ತೊಳೆದು, ಬರೀ ನೀರಿನಲ್ಲಿ ಎರಡು ಸಲ ಒರೆಸಿ. ಸೋಪು ಉಳಿದರೆ ಅದೂ ಒಂದು ಜಿಡ್ಡೇ. ಹೊಳಪು ಬಣ್ಣಕ್ಕೆ 120 ಅಥವಾ 150 ನಂಬರಿನ ಉಜ್ಜುಕಾಗದ ಹಿಡಿದು ಹೊಳಪು ಹೋಗುವವರೆಗೆ ಉಜ್ಜಿ, ಧೂಳು ಒರೆಸಿ, ಪ್ರೈಮರ್ ಬಳಿಯಿರಿ. ಒಂದು ಎಚ್ಚರಿಕೆ: ತುಂಬ ಹಳೆಯ ಮನೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಅಂಥದ್ದನ್ನು ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸಬೇಡಿ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಉದುರುವ ಸುಣ್ಣ, ಡಿಸ್ಟೆಂಪರ್ ಇದ್ದರೆ ಕೆರೆಯುವಷ್ಟು ಕೆರೆದು, ಒದ್ದೆ ಸ್ಪಂಜಿನಿಂದ ತೊಳೆದು, ಒಣಗಿಸಿ, ಆಳಕ್ಕೆ ಇಳಿದು ಪುಡಿಯನ್ನು ಹಿಡಿದುಕೊಳ್ಳುವ ಸೀಲರ್ ಹಚ್ಚಬೇಕು. ಇದು ಬೇಸರದ ಕೆಲಸ, ಒಪ್ಪುತ್ತೇನೆ. ಬಾರ್ಡರ್ ಬರುವ ಪಟ್ಟಿಯಷ್ಟೇ ಜಾಗಕ್ಕೆ ಮಾಡಿದರೂ ಸಾಕು ಅನ್ನುವುದೊಂದೇ ಸಮಾಧಾನ. ಪ್ರೈಮರ್ ಬಾರ್ಡರ್‌ನ ಅಗಲಕ್ಕಿಂತ ಸ್ವಲ್ಪ ಒಳಗೇ ನಿಲ್ಲಲಿ, ಇಲ್ಲದಿದ್ದರೆ ಅಂಚಿನಾಚೆ ಹೊಳೆಯುತ್ತಾ ಕಾಣುತ್ತದೆ. ಆದರೆ ತೀರಾ ಒಳಕ್ಕೆ ಸರಿದು ಅಂಚಿನ ಭಾಗಕ್ಕೆ ಪ್ರೈಮರೇ ಇಲ್ಲದಂತೆ ಆಗಬಾರದು. ಒಂದೆರಡು ಮಿಲಿಮೀಟರ್ ಒಳಗಿದ್ದರೆ ಸಾಕು.

ಬೂಷ್ಟು ಇದ್ದರೆ ಅದನ್ನು ಕೊಲ್ಲುವ ದ್ರಾವಣದಿಂದ ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನ ಕೆಲಸ. ಬ್ಲೀಚ್ ಬಳಸಿದರೆ ಕಿಟಕಿ ತೆರೆದಿಡಿ. ಅಮೋನಿಯಾ ಅಥವಾ ಆಸಿಡ್ ಇರುವ ಕ್ಲೀನರ್ ಜೊತೆ ಅದನ್ನು ಎಂದೂ ಬೆರೆಸಬೇಡಿ, ವಿಷದ ಗಾಳಿ ಹುಟ್ಟುತ್ತದೆ. ನೀರು ಬರುವ ದಾರಿ ಮುಚ್ಚದೆ ಮೇಲೆ ಬಾರ್ಡರ್ ಹಚ್ಚಿದರೆ ಅದು ಬೂಷ್ಟಿಗೆ ಹೊದಿಕೆ ಹೊದಿಸಿದಂತೆ ಆಗುತ್ತದೆ.

ಎಲ್ಲಿ ಎದ್ದಿದೆ ಅನ್ನುವುದೂ ಗುರುತೇ

ಎರಡು ತುಂಡು ಕೂಡುವ ಕಡೆ ಮಾತ್ರ ಸೀಳು ಬಿಟ್ಟಿದ್ದರೆ, ಹಚ್ಚುವಾಗ ಯಾರೋ ಎಳೆದಿದ್ದಾರೆ. ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಗ್ಗುವುದಕ್ಕೆ ಹೊತ್ತು ಕೊಡದೆ ಗೋಡೆಗೇರಿಸಿದರೆ ಅದು ಗೋಡೆಯ ಮೇಲೆಯೇ ಹಿಗ್ಗಿ ಗುಳ್ಳೆ ಏಳುತ್ತದೆ. ಹಿಗ್ಗಿದ್ದನ್ನು ಬಿಗಿಯಾಗಿ ಎಳೆದು ಹಚ್ಚಿದರೆ ಒಣಗುವಾಗ ಹಿಂದಕ್ಕೆ ಸರಿಯುತ್ತದೆ. ಪೇಸ್ಟ್ ಹಚ್ಚಿದ ಮುಖ ಒಳಗಾಗುವಂತೆ ಪಟ್ಟಿಯನ್ನು ಸೀರೆ ನೆರಿಗೆಯ ಹಾಗೆ ಸಡಿಲವಾಗಿ ಮಡಚಿಡಿ. ಮಡಿಕೆ ಒತ್ತಿ ಗೆರೆ ಮೂಡಿಸಬೇಡಿ. ಮೂರರಿಂದ ಐದು ನಿಮಿಷ ಹಾಗೇ ಬಿಡಿ. ಮುಖ್ಯವಾದದ್ದು ಎಂದರೆ ಎಲ್ಲ ತುಂಡಿಗೂ ಒಂದೇ ಹೊತ್ತು ಕೊಡುವುದು. ಒಂದಕ್ಕೆ ಎರಡು ನಿಮಿಷ, ಇನ್ನೊಂದಕ್ಕೆ ಹತ್ತು ನಿಮಿಷ ಕೊಟ್ಟರೆ ಎರಡೂ ಬೇರೆ ಬೇರೆ ಅಳತೆಗೆ ಹಿಗ್ಗುತ್ತವೆ, ಚಿತ್ತಾರ ಕೂಡುವುದಿಲ್ಲ. ಚಿತ್ತಾರ ಕೂಡಲಿ ಎಂದು ಆಗ ಎಳೆಯುತ್ತೇವೆ. ಸೀಳಿನ ಕಥೆ ಶುರುವಾಗುವುದು ಅಲ್ಲಿ.

ಕೂಡುವ ಜಾಗದಲ್ಲಿ ಸೀಳಲ್ಲ, ತುಟಿಯಂತೆ ಎರಡೂ ಅಂಚು ಮೇಲೆದ್ದಿವೆ ಅಂದರೆ ಬ್ಲೇಡ್ ನೋಡಿ. ಒಂದರ ಮೇಲೊಂದು ಇಟ್ಟು ಎರಡನ್ನೂ ಒಟ್ಟಿಗೆ ಕೊಯ್ಯುವಾಗ ಮೊಂಡು ಬ್ಲೇಡ್ ಒದ್ದೆ ಕಾಗದವನ್ನು ಹರಿಯುತ್ತದೆ. ಜೋರಾಗಿ ಒತ್ತಿದರೆ ಕೆಳಗಿನ ಗೋಡೆಯನ್ನೂ ಕೊಯ್ಯುತ್ತದೆ. ಜಿಪ್ಸಮ್ ಬೋರ್ಡ್ ಗೋಡೆಯಾದರೆ ಇದು ದೊಡ್ಡ ತೊಂದರೆ. ಬೋರ್ಡಿನ ಮೇಲಿನ ಕಾಗದ ಸೀಳಿಹೋಗಿ, ಬಾರ್ಡರ್ ಒಣಗಿ ಕುಗ್ಗುವಾಗ ಆ ಕಾಗದವನ್ನೂ ಎಳೆದು ಎಬ್ಬಿಸುತ್ತದೆ. ಪ್ರತಿ ಕೊಯ್ತಕ್ಕೂ ಬ್ಲೇಡಿನ ಹೊಸ ತುದಿ ಮುರಿದುಕೊಳ್ಳಿ. ಬ್ಲೇಡಿನಲ್ಲಿ ಮಾಡುವ ಉಳಿತಾಯ ಉಳಿತಾಯವೇ ಅಲ್ಲ.

ಒಳಮೂಲೆಯಲ್ಲಿ ಬಾರ್ಡರ್ ಗೋಡೆಗೆ ತಾಗದೆ ಕಮಾನಿನಂತೆ ನಿಂತಿದೆಯೇ? ಬೆರಳಿಟ್ಟರೆ ಟೊಳ್ಳು ಸದ್ದು ಬರುತ್ತದೆಯೇ? ಒಂದೇ ತುಂಡನ್ನು ಮೂಲೆ ತಿರುಗಿಸಿ ಎರಡು ಗೋಡೆಗೂ ಹಚ್ಚಿದ್ದರ ಫಲ ಇದು. ಕುಗ್ಗುವ ಕಾಗದ ಮೂಲೆಯನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಬ್ಲೇಡಿನಿಂದ ಮೂಲೆಯ ಗೆರೆಗೆ ಸರಿಯಾಗಿ ಕೊಯ್ದು, ಎರಡೂ ಕಡೆ ನೆನೆಸಿ, ಪೇಸ್ಟ್ ಹಚ್ಚಿ ಒತ್ತಿ. ಹೊಸದಾಗಿ ಹಚ್ಚುವಾಗ ಮೊದಲ ತುಂಡು ಮೂಲೆ ದಾಟಿ ಸುಮಾರು 3 ಮಿ.ಮೀ. ಮಾತ್ರ ಹೋಗಲಿ. ಎರಡನೆಯ ತುಂಡು ಮೂಲೆಯಿಂದಲೇ ಶುರುವಾಗಿ ಅದನ್ನು ಮುಚ್ಚಲಿ. ವಿನೈಲ್ ಬಾರ್ಡರ್ ಆದರೆ ಆ 3 ಮಿ.ಮೀ. ಮೇಲೆ ಮಾಮೂಲಿ ಪೇಸ್ಟ್ ಹಿಡಿಯುವುದಿಲ್ಲ, ಅಲ್ಲಿಗೆ ವಿನೈಲ್ ಮೇಲೆ ವಿನೈಲ್ ಹಚ್ಚುವ ಪೇಸ್ಟ್ ಬೇಕು. ಹೊರಮೂಲೆ ಇದಕ್ಕೆ ತಿರುಗುಮುರುಗು. ಅಲ್ಲಿ ಅಂಚಿಗೆ ಸರಿಯಾಗಿ ಕೊಯ್ದರೆ ಓಡಾಡುವವರ ತೋಳು ತಾಗಿ ಏಳುತ್ತದೆ. ಕನಿಷ್ಠ ಒಂದು ಅಂಗುಲ ತಿರುಗಿಸಿ, ಆಮೇಲೆ ಜೋಡಿಸಿ.

ಮೇಲಂಚು ಮಾತ್ರ ಉದ್ದಕ್ಕೆ ಎದ್ದಿದ್ದರೆ ಸೂರಿನ ಕಡೆಯ ಗಾರೆ ನೆಟ್ಟಗಿಲ್ಲ, ಅಥವಾ ಅಲ್ಲಿಯವರೆಗೆ ಪೇಸ್ಟ್ ತಲುಪಿಲ್ಲ. ಏಣಿಯ ಮೇಲೆ ಕತ್ತು ಎತ್ತಿ ಕೆಲಸ ಮಾಡುವವರ ಕೈ ಮೇಲಂಚಿನಲ್ಲಿ ಯಾವಾಗಲೂ ಸೋಲುತ್ತದೆ. ಪೇಸ್ಟನ್ನು ಮೇಜಿನ ಮೇಲೇ, ನಡುವಿನಿಂದ ಅಂಚಿನಾಚೆಗೆ ಬ್ರಷ್ ಎಳೆದು ಹಚ್ಚಿದರೆ ಈ ತೊಂದರೆ ಬಾರದು. ಗುರುತಿನ ಗೆರೆಗೆ ಪೆನ್ಸಿಲ್ ಸಾಕು. ಪೆನ್ನಿನ ಶಾಯಿ ಬಾರ್ಡರ್ ಮೇಲೆ ಮೂಡಿ ಬರುತ್ತದೆ. ಸೀಮೆಸುಣ್ಣದ ದಾರ ಹೊಡೆದರೆ ಆ ಪುಡಿಯ ಮೇಲೆಯೇ ಅಂಚು ಕೂರುತ್ತದೆ.

ನಡುವೆ ಗುಳ್ಳೆ ಇದ್ದರೆ ಒಂದು ದಿನ ಕಾಯಿರಿ. ಕೆಲವು ಒಣಗುವಾಗ ತಾವೇ ಕೂರುತ್ತವೆ. ಕೂರದಿದ್ದರೆ ಚಿತ್ತಾರದ ಗೆರೆಯೊಂದರ ಮೇಲೆ ಸಣ್ಣ ಸೀಳು ಹಾಕಿ, ಸಿರಿಂಜಿನಿಂದ ಎರಡು ಹನಿ ಪೇಸ್ಟ್ ಬಿಟ್ಟು, ಒದ್ದೆ ಸ್ಪಂಜಿನಿಂದ ಒತ್ತಿ.

ಬೇಗ ಒಣಗಿಸಿದರೆ

ಹಚ್ಚಿದ ರಾತ್ರಿಯೇ ಎಲ್ಲ ಅಂಚೂ ಸುರುಳಿಯಾಗಿದ್ದರೆ ಫ್ಯಾನ್ ಕಡೆ ನೋಡಿ. ಫ್ಯಾನ್, ಎಸಿ, ಹೀಟರ್, ತೆರೆದ ಕಿಟಕಿಯ ಬಿಸಿಲು, ಇವು ಅಂಚನ್ನು ನಡುವಿಗಿಂತ ಮೊದಲು ಒಣಗಿಸುತ್ತವೆ. ವಿನೈಲ್ ಬಾರ್ಡರ್‌ನಲ್ಲಿ ಇನ್ನೂ ಕಷ್ಟ: ಹಿಂದಿನ ಕಾಗದ ನೀರು ಕುಡಿದು ಹಿಗ್ಗುತ್ತದೆ, ಮುಂದಿನ ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಹಿಗ್ಗಿದ ಬೆನ್ನು ಅಂಚನ್ನು ಮುಂದಕ್ಕೆ ಬಗ್ಗಿಸುತ್ತದೆ. ಪೇಸ್ಟ್ ಕಚ್ಚುವವರೆಗೆ ಅದನ್ನು ಹಿಡಿದಿಡಬೇಕು. ಹಚ್ಚಿ 10–15 ನಿಮಿಷ ಬಿಟ್ಟು ರೋಲರ್‌ನಿಂದ ಹಗುರವಾಗಿ ಒತ್ತಿ, ಆಮೇಲೆ ಒಂದು ಗಂಟೆಯೊಳಗೆ ಇನ್ನೊಮ್ಮೆ ಸುತ್ತು ಬಂದು ಎದ್ದ ಅಂಚು ಕೂರಿಸಿ. ಮೊದಲ 24 ಗಂಟೆ ಗಾಳಿ ಜೋರಾಗಿ ಬೀಸದಿರಲಿ.

ಬಚ್ಚಲುಮನೆ ಬಾರ್ಡರ್ ತಿಂಗಳುಗಳ ಮೇಲೆ ಎದ್ದರೆ ಹಚ್ಚಿದ ಕೈಯನ್ನು ದೂರುವ ಹಾಗಿಲ್ಲ. ನೀರಿನಲ್ಲಿ ಕರಗುವ ಪೇಸ್ಟ್ ದಿನವೂ ಹಬೆ ಕುಡಿದರೆ ಮೆತ್ತಗಾಗುತ್ತದೆ. ಸ್ನಾನ ಮುಗಿದ ಮೇಲೂ ಹೊರದೂಡುವ ಫ್ಯಾನ್ ಸ್ವಲ್ಪ ಹೊತ್ತು ಓಡಲಿ. ಶವರ್‌ನ ನೇರ ಮೇಲೆ ಬಾರ್ಡರ್ ಹಚ್ಚುವುದು ನನ್ನ ಪ್ರಕಾರ ಕೆಲಸಕ್ಕೆ ಬಾರದ ಆಸೆ. ಅಲ್ಲಿಗೆ ಟೈಲ್ ಸರಿ.

ವಾಲ್‌ಪೇಪರ್ ಮೇಲೆ ಬಾರ್ಡರ್

ಕೆಳಗಿನ ವಾಲ್‌ಪೇಪರ್ ಗಟ್ಟಿಯಾಗಿ ಕೂತಿದ್ದರೆ ಮಾತ್ರ ಮೇಲೆ ಬಾರ್ಡರ್. ಹೊಸ ವಾಲ್‌ಪೇಪರ್ ಆದರೆ ಕಡಿಮೆ ಅಂದರೆ 48 ಗಂಟೆ ಒಣಗಲಿ. ಇಲ್ಲದಿದ್ದರೆ ಬಾರ್ಡರ್‌ನ ಪೇಸ್ಟ್ ಕೆಳಗಿನದನ್ನೂ ನೆನೆಸಿ ಎರಡನ್ನೂ ಒಟ್ಟಿಗೆ ಎಬ್ಬಿಸುತ್ತದೆ. ವಿನೈಲ್ ಮೇಲಾದರೆ ವಿನೈಲ್‌ಗೆಂದೇ ಬರೆದಿರುವ ಪೇಸ್ಟ್ ತನ್ನಿ. ನೀರಿನಲ್ಲಿ ಅದ್ದುವ ಬಾರ್ಡರ್ ಆದರೂ ಇಲ್ಲಿ ಬರೀ ನೀರು ಸಾಲದು, ಈ ಪೇಸ್ಟೇ ಸವರಬೇಕು. ಈ ಪೇಸ್ಟ್ ಒಣಗಿದರೆ ಒರೆಸಿದರೆ ಹೋಗುವುದಿಲ್ಲ. ಬಾರ್ಡರ್‌ನ ಮುಖಕ್ಕೆ, ಸೂರಿಗೆ ಹತ್ತಿದ್ದನ್ನು ಆಗಲೇ ಸ್ಪಂಜಿನಿಂದ ತೆಗೆಯಿರಿ, ಸ್ಪಂಜಿನ ನೀರು ಆಗಾಗ ಬದಲಿಸಿ.

ಸ್ಟಿಕ್ಕರ್ ಥರದ ಬಾರ್ಡರ್

ಇದರ ಅಂಟು ಕೆಲಸ ಮಾಡುವುದು ಒತ್ತಡದಿಂದ. ಕೈಯಲ್ಲಿ ಸುಮ್ನೆ ಸವರಿದರೆ ಸಾಲದು, ಬಟ್ಟೆ ಸುತ್ತಿದ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಗಟ್ಟಿಯಾಗಿ ತಳ್ಳಬೇಕು. ಒರಟು ಗೋಡೆಯಲ್ಲಿ ಇದು ಉಬ್ಬುಗಳಿಗಷ್ಟೇ ತಾಗುತ್ತದೆ, ನಿಲ್ಲುವುದಿಲ್ಲ. ಹೊಸ ಬಣ್ಣದ ಮೇಲೂ ನಿಲ್ಲುವುದಿಲ್ಲ. ಎದ್ದ ತುದಿಯ ಅಂಟಿಗೆ ಧೂಳು ಹಿಡಿದಿಲ್ಲದಿದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ಒತ್ತಿದರೆ ಕೂರುತ್ತದೆ. ಧೂಳು ಹಿಡಿದಿದ್ದರೆ ಆ ತುಂಡು ಮುಗಿಯಿತು.

ಎದ್ದ ಅಂಚನ್ನು ಮತ್ತೆ ಕೂರಿಸುವುದು

ಕಾರಣ ಸಿಕ್ಕಿ, ಅದು ಸಣ್ಣದು ಎಂದು ಗೊತ್ತಾದ ಮೇಲೆಯೇ ಇದು. ಹತ್ತಿರದಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೊದಲು ಕರೆಂಟ್ ಆಫ್ ಮಾಡಿ. ಎದ್ದ ಭಾಗವನ್ನು ಉಗುರುಬೆಚ್ಚಗಿನ ನೀರಿನ ಸ್ಪಂಜಿನಿಂದ ತೇವ ಮಾಡಿ ಮೆತ್ತಗಾಗಲು ಬಿಡಿ. ಒಣಗಿದ ಕಾಗದವನ್ನು ಬಗ್ಗಿಸಿದರೆ ಬಣ್ಣ ಬಿರಿಯುತ್ತದೆ. ಹಿಂದಿನ ಹಳೆ ಪೇಸ್ಟಿನ ಗಂಟು, ಗೋಡೆಯ ಪುಡಿ ಒರೆಸಿ ತೆಗೆಯಿರಿ. ಜೋಡಣೆ ರಿಪೇರಿಗೆಂದೇ ಟ್ಯೂಬಿನಲ್ಲಿ ಬರುವ ಅಂಟನ್ನು ಸಣ್ಣ ಬ್ರಷ್‌ನಿಂದ ತೆಳುವಾಗಿ ಹಚ್ಚಿ. ಒಳಗಿನ ಗಟ್ಟಿ ಭಾಗ ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೂ ಬ್ರಷ್ ಹೋಗಬೇಕು. ಒತ್ತಿ, ಹೊರಬಂದದ್ದನ್ನು ಒರೆಸಿ, ಮಾಸ್ಕಿಂಗ್ ಟೇಪಿನಿಂದ ಹಗುರವಾಗಿ ಹಿಡಿಸಿ ರಾತ್ರಿ ಬಿಡಿ. ಟೇಪ್ ತೆಗೆಯುವಾಗ ಅಂಚೂ ಜೊತೆಗೆ ಏಳದಂತೆ ಮೆಲ್ಲಗೆ ಸುಲಿಯಿರಿ.

ಮರಗೆಲಸದ ಬಿಳಿ ಗಮ್ ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಮುಂದೆ ಬಾರ್ಡರ್ ತೆಗೆಯುವಾಗ ಗೋಡೆಯ ಬಣ್ಣವನ್ನೂ ಕೀಳುತ್ತದೆ. ಚಿಟಿಕೆಯಲ್ಲಿ ಅಂಟುವ ಸೂಪರ್ ಗ್ಲೂ ಕಾಗದದ ಮೂಲಕ ಇಳಿದು ಗಾಜಿನಂಥ ಕಲೆ ಮಾಡುತ್ತದೆ. ಅದನ್ನು ಹತ್ತಿರಕ್ಕೂ ತರಬೇಡಿ.

ಒಂದು ಗೋಡೆಯ ಉದ್ದದಲ್ಲಿ ಅರ್ಧಕ್ಕಿಂತ ಜಾಸ್ತಿ ಎದ್ದಿದ್ದರೆ ತೇಪೆ ಹಾಕುವ ಯೋಚನೆ ಬಿಟ್ಟು ಪೂರ್ತಿ ತೆಗೆಯುವುದೇ ಲೇಸು. ವಿನೈಲ್ ಆದರೆ ಮೇಲ್ಪದರವನ್ನು ಒಣಗಿದ್ದಾಗಲೇ ಸುಲಿದು, ಉಳಿದ ಕಾಗದಕ್ಕೆ ಬೆಚ್ಚಗಿನ ನೀರು ಚಿಮುಕಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ಅಗಲ ಪುಟ್ಟಿ ಬ್ಲೇಡಿನಿಂದ ಕೆರೆಯಿರಿ. ಗೋಡೆಯಲ್ಲಿ ಉಳಿದ ಪೇಸ್ಟನ್ನು ಬೆರಳಿಗೆ ಜಾರಿಕೆ ತಾಗದವರೆಗೆ ತೊಳೆಯಿರಿ. ಹಳೆ ಪೇಸ್ಟ್ ಉಳಿದರೆ ಮೇಲೆ ಬಳಿದ ಹೊಸ ಬಣ್ಣ ಒಣಗುವಾಗ ಬಿರುಕು ಬಿಡುತ್ತದೆ. ಗೋಡೆ ಒಣಗಿದ ಮೇಲೆ ಮೇಲೆ ಹೇಳಿದ ನಾಲ್ಕು ಪರೀಕ್ಷೆ ಇನ್ನೊಮ್ಮೆ ಮಾಡಿ, ಆಮೇಲೆ ಪ್ರೈಮರ್ ಡಬ್ಬಿ ತೆರೆಯಿರಿ.